ಕಾಪಾ ನಿಂತಿದ್ದ ಜಾಗಗಳಲ್ಲಿ ಏಳು ದಿನ

ಇಪ್ಪತ್ತೆರಡು ವರ್ಷ ನಾನು ಬೇರೆಯವರು ತೆಗೆದ ಫೋಟೋಗಳನ್ನು ತೊಳೆದಿದ್ದೇನೆ, ಅಂದರೆ ಕತ್ತಲಲ್ಲಿ ಫಿಲ್ಮನ್ನು ರಾಸಾಯನಿಕದಲ್ಲಿ ಅದ್ದಿ ಚಿತ್ರ ಮೂಡಿಸಿದ್ದೇನೆ. ಮೊದಲು ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ, ಆಮೇಲೆ ಬೆಂಗಳೂರಿನ ಒಂದು ಪತ್ರಿಕೆಯ ಡಾರ್ಕ್ ರೂಮಿನಲ್ಲಿ. ಕೆಂಪು ದೀಪ, ಮೂಡಿದ ಚಿತ್ರ ಅಳಿಯದ ಹಾಗೆ ನಿಲ್ಲಿಸುವ ಹೈಪೋ ದ್ರಾವಣದ ವಾಸನೆ, ಸದಾ ಒದ್ದೆಯಾದ ಬೆರಳು. ಡಿಜಿಟಲ್ ಬಂದ ಮೇಲೆ ಆ ಕೋಣೆ ಮುಚ್ಚಿತು. ಆದರೂ ಯಾವ ಹಳೇ ಫೋಟೋ ನೋಡಿದರೂ ಇದನ್ನು ತೊಳೆದವರು ಯಾರು ಅನ್ನೋದೇ ನನಗೆ ಮೊದಲು ಹೊಳೆಯುವ ಪ್ರಶ್ನೆ.

ಯುದ್ಧದ ಫೋಟೋಗಳಿಗೆ ಹೆಸರಾದ ರಾಬರ್ಟ್ ಕಾಪಾ ತೆಗೆದ ಫೋಟೋ ನನಗೆ ಮೊದಲು ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಹಳೇ ಪುಸ್ತಕಗಳ ರಾಶಿಯಲ್ಲಿ. ರಟ್ಟು ಕಿತ್ತುಹೋದ ಒಂದು ಮ್ಯಾಗಜಿನ್. ಒಳಗೆ ಸಮುದ್ರದ ನೀರಿನಲ್ಲಿ ಅರ್ಧ ಮುಳುಗಿ ತೆವಳುತ್ತಿರುವ ಒಬ್ಬ ಸೈನಿಕ. ಫೋಟೋ ಅಲುಗಿತ್ತು. ಅಂಥ ಪ್ರಿಂಟ್ ನಾನು ಕೊಟ್ಟಿದ್ದರೆ ಡೆಸ್ಕ್‌ನವರು ವಾಪಸ್ ಕಳಿಸುತ್ತಿದ್ದರು. ಆದರೆ ಅವನ ಕಣ್ಣನ್ನು ನೋಡಿದ ಮೇಲೆ ಪುಟ ತಿರುಗಿಸಲು ಆಗಲಿಲ್ಲ. ಅವತ್ತಿನಿಂದ ಕಾಪಾ ನನ್ನ ಮನೆಯವನ ಹಾಗೆ. ಅದಕ್ಕೇ ಅವನ ಬಗ್ಗೆ ಬರೆಯುವಾಗ ಏಕವಚನವೇ ಬರುತ್ತದೆ.

ಮಗಳಿಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೆಲಸ ಸಿಕ್ಕಿತು. "ಅಪ್ಪ, ನಿನ್ನ ಕಾಪಾ ಇಲ್ಲೂ ಬಂದಿದ್ದನಂತೆ, ನಮ್ಮ ಟ್ರಾಮ್ ದಾರಿಯಲ್ಲೇ ಅವನ ಹೆಸರಿನ ಮನೆ ಇದೆ" ಅಂತ ಒಂದು ರಾತ್ರಿ ಫೋನ್ ಮಾಡಿದಳು. ಅವತ್ತೇ ಹೊರಡುವುದು ಅಂತ ತೀರ್ಮಾನ ಆಯಿತು. ಬೀರುವಿನಲ್ಲಿದ್ದ ನನ್ನ ಹಳೇ ಕ್ಯಾಮೆರಾ ತೆಗೆದೆ. ಒಂದೇ ಒಂದು ಕಪ್ಪು ಬಿಳುಪು ರೋಲು ಹಾಕಿಕೊಂಡೆ. ಮೂವತ್ತಾರು ಫ್ರೇಮು.

ಮೊದಲ ದಿನ: ಪ್ಯಾರಿಸ್, ಫ್ರುವಾದ್‌ವೊ ಬೀದಿ

ಮಗಳು ರೈಲಿನಲ್ಲಿ ಬಂದು ನನಗಾಗಿ ಕಾಯುತ್ತಿದ್ದಳು. "ಐಫೆಲ್ ಟವರ್ ಮೊದಲಾ?" ಅಂದಳು. "ಅದು ಎಲ್ಲಿಂದಾದರೂ ಕಾಣುತ್ತೆ ಪುಟ್ಟಿ. ಮೊದಲು ಫ್ರುವಾದ್‌ವೊ ಬೀದಿಗೆ ಹೋಗೋಣ" ಅಂದೆ.

ಮೊಂಪಾರ್ನಾಸ್ ಸ್ಮಶಾನದ ಗೋಡೆಗುಂಟ ಹೋಗುವ ಬೀದಿ ಅದು. ಗದ್ದಲ ಇಲ್ಲ. 37ನೇ ನಂಬರಿನ ಮನೆಯ ಮುಂದೆ ನಿಂತೆವು. ಕಾಪಾನ ಸ್ಟುಡಿಯೋ ಇಲ್ಲೇ ಇತ್ತು. ಬಾಗಿಲು ಹಾಕಿತ್ತು. ಜನ ವಾಸವಿರುವ ಮನೆ, ಬೆಲ್ ಒತ್ತೋದು ಸರಿಯಲ್ಲ ಅನ್ನಿಸಿತು. ಎದುರಿನ ಫುಟ್‌ಪಾತ್‌ನಲ್ಲಿ ನಿಂತು ಮಗಳಿಗೆ ಕಥೆ ಹೇಳಿದೆ.

ಅವನ ನಿಜವಾದ ಹೆಸರು ಎಂದ್ರೆ ಫ್ರೀಡ್‌ಮನ್. 1913ರ ಅಕ್ಟೋಬರ್ 22ರಂದು ಬುಡಾಪೆಸ್ಟ್‌ನಲ್ಲಿ ಹುಟ್ಟಿದ. ಯಹೂದಿ ಕುಟುಂಬ. ಅಪ್ಪ ಅಮ್ಮ ಬಟ್ಟೆ ಹೊಲಿಯುವ ಅಂಗಡಿ ನಡೆಸುತ್ತಿದ್ದರು. ರಾಜಕೀಯಕ್ಕೆ ಕೈ ಹಾಕಿದ ಅಂತ ಪೊಲೀಸರು ಹಿಡಿದರು. ಹದಿನೇಳನೇ ವಯಸ್ಸಿಗೆ ಊರು ಬಿಟ್ಟು ಬರ್ಲಿನ್ ಸೇರಿದ. ಅಲ್ಲಿ ಒಂದು ಫೋಟೋ ಏಜೆನ್ಸಿಯಲ್ಲಿ ಅವನಿಗೆ ಸಿಕ್ಕ ಕೆಲಸ ಡಾರ್ಕ್ ರೂಮಿನದು. ಹೌದು, ಅವನೂ ಟ್ರೇ ಅಲ್ಲಾಡಿಸಿದವನೇ! 1932ರಲ್ಲಿ ಕೋಪನ್‌ಹೇಗನ್‌ಗೆ ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಭಾಷಣದ ಫೋಟೋ ತೆಗೆಯಲು ಅವನನ್ನು ಕಳಿಸಿದರು. ಅಚ್ಚಾದ ಅವನ ಮೊದಲ ಫೋಟೋಗಳು ಅವು. ಮರುವರ್ಷ ಹಿಟ್ಲರ್ ಬಂದ. ಬರ್ಲಿನ್ನೂ ಬಿಡಬೇಕಾಯಿತು.

ಪ್ಯಾರಿಸ್‌ನಲ್ಲಿ ಅವನಿಗೆ ಸಿಕ್ಕವಳು ಗೆರ್ಟಾ ಪೊಹೊರಿಲೆ. ಆಕೆಯೂ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವಳು. ವಿದೇಶಿ ಹೆಸರಿನ ಬಡ ಹುಡುಗನ ಫೋಟೋಗೆ ಯಾರು ಒಳ್ಳೆ ದುಡ್ಡು ಕೊಡುತ್ತಾರೆ? 1936ರಲ್ಲಿ ಇಬ್ಬರೂ ಸೇರಿ ಒಬ್ಬ ಶ್ರೀಮಂತ ಅಮೆರಿಕನ್ ಫೋಟೋಗ್ರಾಫರನ್ನು ಹುಟ್ಟಿಸಿದರು. ಅವನ ಹೆಸರು ರಾಬರ್ಟ್ ಕಾಪಾ. ಆಕೆ ಗೆರ್ಡಾ ಟಾರೋ ಆದಳು. ಮೊದಮೊದಲು ಇಬ್ಬರ ಫೋಟೋಗಳೂ ಕಾಪಾ ಹೆಸರಿನಲ್ಲೇ ಹೋಗುತ್ತಿದ್ದವು.

ಈ ಮನೆಯ ಬಗ್ಗೆ ನನಗೆ ಜಾಸ್ತಿ ಮುಖ್ಯವಾದ ವಿಷಯ ಇನ್ನೊಂದಿದೆ. ಇಲ್ಲಿನ ಡಾರ್ಕ್ ರೂಮ್ ನೋಡಿಕೊಳ್ಳುತ್ತಿದ್ದವನು ಇಮ್ರೆ ವೈಸ್. ಎಲ್ಲರೂ ಅವನನ್ನು ಚಿಕಿ ಅಂತ ಕರೆಯುತ್ತಿದ್ದರು. ಕಾಪಾನ ಬುಡಾಪೆಸ್ಟ್ ಗೆಳೆಯ. ಕಾಪಾ, ಗೆರ್ಡಾ ಫೋಟೋ ತೆಗೆಯಲು ಹೋಗಿದ್ದ ಸ್ಪೇನ್ ಅಂತರ್ಯುದ್ಧದಿಂದ ಬಂದ ರೋಲುಗಳನ್ನು ಕತ್ತರಿಸಿ, ನಂಬರ್ ಹಾಕಿ, ಸಣ್ಣ ಸಣ್ಣ ಗೂಡುಗಳಿದ್ದ ಡಬ್ಬಿಗಳಲ್ಲಿ ಜೋಡಿಸಿಟ್ಟವನು. 1939ರಲ್ಲಿ ಕಾಪಾ ಅಮೆರಿಕಕ್ಕೆ ಹೋದ. 1940ರಲ್ಲಿ ಜರ್ಮನ್ನರು ಪ್ಯಾರಿಸ್ ಹತ್ತಿರ ಬಂದಾಗ ಚಿಕಿ ಆ ನೆಗೆಟಿವ್‌ಗಳನ್ನು ಚೀಲಕ್ಕೆ ತುಂಬಿದ. ಸೈಕಲ್ ಹತ್ತಿ ಬೋರ್ಡೊ ಬಂದರಿನ ಕಡೆಗೆ ಹೊರಟ. ಹೇಗಾದರೂ ಹಡಗಿನಲ್ಲಿ ಮೆಕ್ಸಿಕೋಗೆ ಕಳಿಸಬೇಕು ಅನ್ನೋದು ಅವನ ಆಸೆ. ಮುಂದೆ ಅವು ಯಾರ್ಯಾರ ಕೈ ದಾಟಿದವೋ, ಕಡೆಗೆ ಮೆಕ್ಸಿಕೋದ ಒಬ್ಬ ಜನರಲ್ ಮನೆ ಸೇರಿದ್ದವು. 2007ರ ಕೊನೆಗೆ ನ್ಯೂಯಾರ್ಕ್ ತಲುಪಿದಾಗ ಎಣಿಸಿದರು. 126 ರೋಲು, ಸುಮಾರು 4,500 ನೆಗೆಟಿವ್. ಕಾಪಾನವು, ಗೆರ್ಡಾಳವು, ಅವರ ಗೆಳೆಯ ಡೇವಿಡ್ ಸೈಮೋರ್‌ನವು. ಅರವತ್ತೇಳು ವರ್ಷ ಆದರೂ ಬಹುತೇಕ ನೆಗೆಟಿವ್‌ಗಳು ಕೆಟ್ಟಿರಲಿಲ್ಲ. ಚೆನ್ನಾಗಿ ತೊಳೆದು, ಹೈಪೋ ಪೂರ್ತಿ ಹೋಗುವ ತನಕ ನೀರಿನಲ್ಲಿ ಬಿಟ್ಟು ಒಣಗಿಸಿದ ನೆಗೆಟಿವ್ ಮಾತ್ರ ಹಾಗೆ ಉಳಿಯುತ್ತದೆ. ಅದು ಕೆಲಸ ಗೊತ್ತಿದ್ದವನ ಕೈ.

ಆ ಬಾಗಿಲಿನ ಒಂದು ಫೋಟೋ ತೆಗೆದೆ. ಮೊದಲ ಫ್ರೇಮು ಚಿಕಿಗೆ.

ಎರಡನೇ ದಿನ: ಗೆರ್ಡಾ ಮಲಗಿರುವ ಜಾಗ

ಪೇರ್ ಲಾಶೇಸ್ ಸ್ಮಶಾನ ಒಂದು ಊರಿನಷ್ಟು ದೊಡ್ಡದು. ಕಲ್ಲುಹಾಸಿನ ದಾರಿಗಳು, ಏರು ತಗ್ಗು. ಗೆರ್ಡಾಳ ಸಮಾಧಿ ಹುಡುಕಲು ಒಂದು ಗಂಟೆ ಬೇಕಾಯಿತು. ಹಿಂದೆ ಸರ್ಕಾರದ ವಿರುದ್ಧ ದಂಗೆ ಎದ್ದ ಪ್ಯಾರಿಸ್ ಕಮ್ಯೂನ್‌ನವರನ್ನು ಗುಂಡಿಕ್ಕಿ ಕೊಂದ ಗೋಡೆಯ ಹತ್ತಿರದಲ್ಲಿದೆ. ಶಿಲ್ಪಿ ಜ್ಯಾಕೊಮೆಟ್ಟಿ ಮಾಡಿದ ಒಂದು ಹಕ್ಕಿ ಅಲ್ಲಿ ಕೂತಿದೆ. ಪಕ್ಕದಲ್ಲಿ ಒಂದು ಬೋಗುಣಿ.

1937ರ ಜುಲೈ. ಮ್ಯಾಡ್ರಿಡ್ ಹತ್ತಿರ ಬ್ರುನೆಟೆ ಕದನ. ಕಾಪಾ ಅವತ್ತು ಜೊತೆಗಿರಲಿಲ್ಲ. ವಿಮಾನಗಳು ಮೇಲಿಂದ ಗುಂಡು ಸುರಿಸುತ್ತಿದ್ದರೂ ಗೆರ್ಡಾ ಇಡೀ ದಿನ ಫೋಟೋ ತೆಗೆದಳು. ಸೈನ್ಯ ಹಿಂದಕ್ಕೆ ಸರಿಯುವಾಗ ಗಾಯಾಳುಗಳಿದ್ದ ಕಾರಿನ ಪಕ್ಕದ ಮೆಟ್ಟಿಲ ಮೇಲೆ ನೇತುಕೊಂಡು ಹೊರಟಳು. ದಾರಿ ತಪ್ಪಿದ ಟ್ಯಾಂಕ್ ಒಂದು ಬಂದು ಗುದ್ದಿತು. ಮರುದಿನ, ಜುಲೈ 26ರಂದು, ಆಸ್ಪತ್ರೆಯಲ್ಲಿ ಸತ್ತಳು. ಪ್ಯಾರಿಸ್‌ನಲ್ಲಿ ಮಣ್ಣು ಮಾಡಿದ್ದು ಆಗಸ್ಟ್ 1ಕ್ಕೆ. ಅವತ್ತು ಆಕೆಯ ಹುಟ್ಟಿದ ದಿನ. ಇದ್ದಿದ್ದರೆ ಇಪ್ಪತ್ತೇಳು ತುಂಬುತ್ತಿತ್ತು. ಸಾವಿರಾರು ಜನ ಹಿಂದೆ ನಡೆದರು.

"ಅಪ್ಪ, ಆಕೆ ತೆಗೆದದ್ದು ಯಾವುದು, ಅವನು ತೆಗೆದದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಮಗಳು ಕೇಳಿದಳು. ಒಳ್ಳೆ ಪ್ರಶ್ನೆ. ಶುರುವಿನ ತಿಂಗಳುಗಳಲ್ಲಿ ಗೆರ್ಡಾಳ ಕೈಯಲ್ಲಿದ್ದದ್ದು ಚೌಕ ನೆಗೆಟಿವ್ ಕೊಡುವ ಕ್ಯಾಮೆರಾ. ಕಾಪಾನದ್ದು ಲೈಕಾ, ಉದ್ದನೆಯ ಚಿತ್ರ. ಸಂಶೋಧಕರು ಆ ಆಕಾರ ಹಿಡಿದುಕೊಂಡೇ ಎಷ್ಟೋ ಫೋಟೋಗಳನ್ನು ಬೇರೆ ಮಾಡಿದರು. ಆಮೇಲೆ ಇಬ್ಬರೂ 35 ಮಿ.ಮೀ. ಫಿಲ್ಮನ್ನೇ ಬಳಸಿದಾಗ ಕಷ್ಟ ಆಯಿತು. ಕಡೆಗೆ ನೆರವಿಗೆ ಬಂದದ್ದು ಚಿಕಿ ಜೋಡಿಸಿಟ್ಟ ಆ ರೋಲುಗಳು. ಕಾಪಾನದ್ದು ಅಂದುಕೊಂಡಿದ್ದ ಹಲವು ಫೋಟೋಗಳು ಆಕೆಯವು ಅಂತ ಗೊತ್ತಾಯಿತು. ಎಪ್ಪತ್ತು ವರ್ಷ ಒಬ್ಬಳ ಕೆಲಸ ಇನ್ನೊಬ್ಬನ ಹೆಸರಿನಲ್ಲಿತ್ತು. ಕಾಪಾನ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಇದು ಅನ್ಯಾಯವೇ.

ಗುಂಡು ತಗುಲಿ ಹಿಂದಕ್ಕೆ ಬೀಳುತ್ತಿರುವ ಸ್ಪೇನಿನ ಸೈನಿಕನ ಫೋಟೋ ಎಲ್ಲರಿಗೂ ಗೊತ್ತಿರುತ್ತದೆ. 1936ರ ಸೆಪ್ಟೆಂಬರ್‌ನದು. ತುಂಬ ಕಾಲ ಅದನ್ನು ಸೆರೊ ಮುರಿಯಾನೊ ಅನ್ನೋ ಜಾಗದ್ದು ಅಂದುಕೊಂಡಿದ್ದರು. ಹಿಂದಿನ ಬೆಟ್ಟದ ಸಾಲನ್ನು ಹೋಲಿಸಿ ನೋಡಿದವರು ಅದು ಎಸ್ಪೆಹೊ ಊರಿನ ಹತ್ತಿರದ್ದು ಅನ್ನುತ್ತಾರೆ. ಅಲ್ಲಿ ಆಗಿನ್ನೂ ಕಾಳಗ ಇರಲಿಲ್ಲವಂತೆ. ಹಾಗಾದರೆ ಆ ಸೈನಿಕ ನಿಜವಾಗಿ ಸತ್ತನಾ, ಕ್ಯಾಮೆರಾಕ್ಕಾಗಿ ಬಿದ್ದನಾ? ಮೆಕ್ಸಿಕೋದಿಂದ ಬಂದ ಡಬ್ಬಿಗಳಲ್ಲಿ ಆ ನೆಗೆಟಿವ್ ಇರಲಿಲ್ಲ. ಅದರ ಹಿಂದಿನ ಫ್ರೇಮು, ಮುಂದಿನ ಫ್ರೇಮು ಸಿಗದೆ ನಾನು ಯಾವ ಕಡೆಗೂ ಮಾತಾಡಲಾರೆ. ನೆಗೆಟಿವ್ ನೋಡದೆ ಪ್ರಿಂಟ್ ನಂಬಬೇಡ ಅಂತ ನನಗೆ ಕೆಲಸ ಕಲಿಸಿದವರು ಹೇಳಿದ್ದರು.

ಮೂರನೇ ದಿನ: ಶಾರ್ತ್ರ್

ಮೊಂಪಾರ್ನಾಸ್ ಸ್ಟೇಷನ್ನಿನಿಂದ ರೈಲಿನಲ್ಲಿ ಗಂಟೆ ಗಂಟೆಕಾಲು ದಾರಿ. ಗೋಧಿ ಹೊಲಗಳ ನಡುವೆ ದೂರದಿಂದಲೇ ಚರ್ಚಿನ ಎರಡು ಗೋಪುರ ಕಾಣುತ್ತವೆ. ಒಂದು ಇನ್ನೊಂದರ ಹಾಗಿಲ್ಲ. ಎಲ್ಲರೂ ಒಳಗಿನ ನೀಲಿ ಗಾಜಿನ ಕಿಟಕಿಗಳನ್ನು ನೋಡಲು ಬರುತ್ತಾರೆ. ನಾವೂ ನೋಡಿದೆವು. ಆದರೆ ನಾನು ಬಂದದ್ದು ಒಂದು ಬೀದಿಗಾಗಿ.

1944ರ ಆಗಸ್ಟ್. ಜರ್ಮನ್ನರ ಹಿಡಿತದಿಂದ ಊರು ಬಿಡುಗಡೆಯಾಗುತ್ತಿದ್ದ ಹೊತ್ತು. ಜರ್ಮನ್ನರ ಜೊತೆ ಸಂಬಂಧ ಇಟ್ಟುಕೊಂಡ ಹೆಂಗಸರನ್ನು ಹಿಡಿದು ತಲೆ ಬೋಳಿಸಿದರು. ಅವರಲ್ಲಿ ಒಬ್ಬಳ ಕೈಯಲ್ಲಿ ಕೂಸು. ಜರ್ಮನ್ ಸೈನಿಕನಿಗೆ ಹುಟ್ಟಿದ ಕೂಸು. ಅವಳನ್ನು ಬೀದಿಯಲ್ಲಿ ನಡೆಸಿಕೊಂಡು ಹೋದರು. ಮುಂದೆ ಬಟ್ಟೆ ಗಂಟು ಹಿಡಿದ ಅಪ್ಪ. ಸುತ್ತ ಊರಿಗೆ ಊರೇ ನಗುತ್ತಿದೆ. ಹೆಂಗಸರು, ಮಕ್ಕಳು, ಪೊಲೀಸರು. ಅವಳು ಯಾರನ್ನೂ ನೋಡುತ್ತಿಲ್ಲ, ಕೂಸನ್ನು ಮಾತ್ರ ನೋಡುತ್ತಿದ್ದಾಳೆ.

ಕಾಪಾ ಗೆದ್ದವರ ಜೊತೆ ಬಂದಿದ್ದ. ಬಿಡುಗಡೆಯ ಸಂಭ್ರಮವನ್ನಷ್ಟೇ ತೆಗೆದುಕೊಂಡು ಹೋಗಬಹುದಿತ್ತು. ಆದರೆ ಅವನು ಗುಂಪಿನ ಮುಂದಕ್ಕೆ ಹೋಗಿ, ಹಿಂದಕ್ಕೆ ತಿರುಗಿ ನಿಂತ. ಅದಕ್ಕೇ ಆ ಫೋಟೋದಲ್ಲಿ ಅವಳ ಮುಖದ ಜೊತೆ ನಗುವವರ ಮುಖಗಳೂ ಒಂದೂ ಬಿಡದ ಹಾಗೆ ಸಿಕ್ಕಿವೆ. ಬೆನ್ನ ಹಿಂದಿನಿಂದ ತೆಗೆದಿದ್ದರೆ ಅವಳ ಬೋಳು ತಲೆ ಮಾತ್ರ ಉಳಿಯುತ್ತಿತ್ತು.

ಆ ಫೋಟೋ ನೋಡಿದಾಗಲೆಲ್ಲ ನನಗೆ ನಮ್ಮ ಅಜ್ಜಿಯ ಅಕ್ಕ ನೆನಪಾಗುತ್ತಾರೆ. ಚಿಕ್ಕ ವಯಸ್ಸಿನಲ್ಲೇ ಗಂಡ ಹೋದರು. ಆಮೇಲೆ ಸಾಯುವ ತನಕ ಬೋಳು ತಲೆ, ಕೆಂಪು ಸೀರೆಯ ಸೆರಗು. ಮದುವೆ ಮನೆಯಲ್ಲಿ ಅಡಿಗೆ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಮ್ಮ ಮನೆಯ ಯಾವ ಗ್ರೂಪ್ ಫೋಟೋದಲ್ಲೂ ಅವರಿಲ್ಲ. ಒಂದು ಊರು ಒಬ್ಬ ಹೆಂಗಸಿನ ಕೂದಲು ತೆಗೆದು ಏನು ಹೇಳಲು ಹೊರಡುತ್ತದೆ ಅನ್ನೋದು ನಮಗೆ ಹೊಸದಲ್ಲ. ಮಗಳಿಗೆ ಈ ಕಥೆ ಗೊತ್ತಿರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಕೂತು ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದಳು.

ಆ ಬೀದಿಯಲ್ಲಿ ನಾನು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.

ನಾಲ್ಕನೇ ದಿನ: ಒಮಾಹಾ ಬೀಚ್

ಸೇಂಟ್ ಲಝಾರ್ ಸ್ಟೇಷನ್ನಿನಿಂದ ಬೆಳಗಿನ ರೈಲು. ಎರಡು ಗಂಟೆ ದಾಟಿದ ಮೇಲೆ ಬಾಯೋ ಅನ್ನೋ ಸಣ್ಣ ಊರು. ಅಲ್ಲಿಂದ ಟ್ಯಾಕ್ಸಿಯಲ್ಲಿ ಕೊಲ್‌ವಿಲ್. ಸಮುದ್ರದಲ್ಲಿ ಇಳಿತ ಎಷ್ಟು ಹೊತ್ತಿಗೆ ಅಂತ ಮಗಳು ಹಿಂದಿನ ರಾತ್ರಿಯೇ ನೋಡಿಟ್ಟಿದ್ದಳು. ನೀರು ಪೂರ್ತಿ ಹಿಂದೆ ಸರಿದ ಹೊತ್ತಿಗೆ ಹೋಗಬೇಕು ಅನ್ನೋದು ನನ್ನ ಹಟ. ಯಾಕೆಂದರೆ 1944ರ ಜೂನ್ 6ರ ಬೆಳಗ್ಗೆ, ಜರ್ಮನ್ನರ ಹಿಡಿತದಿಂದ ಫ್ರಾನ್ಸನ್ನು ಬಿಡಿಸಲು ಅಮೆರಿಕನ್ ಸೈನಿಕರು ಸಮುದ್ರದಿಂದ ಇಲ್ಲಿ ಇಳಿದದ್ದೂ ಇಳಿತದಲ್ಲೇ.

ಮೊದಲು ಗುಡ್ಡದ ಮೇಲಿನ ಅಮೆರಿಕನ್ ಸ್ಮಶಾನ. 9,380ಕ್ಕೂ ಹೆಚ್ಚು ಬಿಳಿ ಕಲ್ಲುಗಳು, ಹಸಿರು ಹುಲ್ಲಿನ ಮೇಲೆ ಗೆರೆ ಎಳೆದ ಹಾಗೆ. ಕಾಣೆಯಾದ 1,557 ಜನರ ಹೆಸರು ಒಂದು ಗೋಡೆಯ ಮೇಲೆ. ಸತ್ತವರ ವಯಸ್ಸು ಲೆಕ್ಕ ಹಾಕಲು ಹೋಗಬೇಡಿ. ಕಲ್ಲುಗಳ ಮೇಲೆ ಹುಟ್ಟಿದ ದಿನ ಬರೆದಿಲ್ಲ, ಸತ್ತ ದಿನ ಮಾತ್ರ.

ಆಮೇಲೆ ದಾರಿ ಸುತ್ತಿ ಕೆಳಗೆ ಇಳಿದೆವು. ಮರಳು ಗಟ್ಟಿಯಾಗಿತ್ತು. ನೀರಿನ ಅಂಚಿನ ತನಕ ನಡೆದೆವು. ಅಲ್ಲಿ ನಿಂತು ಹಿಂದಕ್ಕೆ ತಿರುಗಿದೆ. ಆಗ ಗೊತ್ತಾಯಿತು. ಗುಡ್ಡಕ್ಕೂ ನೀರಿಗೂ ನಡುವೆ ಇರುವುದು ಬರೀ ಬಯಲು. ಒಂದು ಕಲ್ಲಿಲ್ಲ, ಒಂದು ಪೊದೆ ಇಲ್ಲ. ಮೇಲಿನಿಂದ ಮೆಷಿನ್ ಗನ್ ಹಾರಿಸುವವನಿಗೆ ಎಲ್ಲವೂ ಅಂಗೈ ಮೇಲೆ ಇದ್ದ ಹಾಗೆ. ಅವತ್ತು ಈ ಒಂದು ದಡದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎರಡು ಸಾವಿರಕ್ಕೂ ಹೆಚ್ಚು.

ಕಾಪಾ ಇಳಿದದ್ದು ಈಸಿ ರೆಡ್ ಅಂತ ಅವರು ಹೆಸರಿಟ್ಟಿದ್ದ ಭಾಗದಲ್ಲಿ, ಅಂದರೆ ನಾವು ನಿಂತ ಜಾಗದ ಆಸುಪಾಸಿನಲ್ಲೇ. ಎರಡು ಕಾಂಟ್ಯಾಕ್ಸ್ ಕ್ಯಾಮೆರಾ ಇದ್ದವು. ನೀರಿನಲ್ಲಿ ನೆಟ್ಟಿದ್ದ ಕಬ್ಬಿಣದ ತೊಲೆಗಳ ಹಿಂದೆ ಅಡಗಿ ತೆಗೆದ. ಆ ತೆವಳುವ ಸೈನಿಕ ಹ್ಯೂಸ್ಟನ್ ರೈಲಿ ಅಂತ ಹೆಚ್ಚಿನವರು ಹೇಳುತ್ತಾರೆ, ಬೇರೆ ಹೆಸರು ಹೇಳುವವರೂ ಇದ್ದಾರೆ. ಗುಂಡು ತಗುಲಿದ ತನ್ನನ್ನು ದಡಕ್ಕೆ ಎಳೆಯಲು ಒಬ್ಬ ಫೋಟೋಗ್ರಾಫರ್ ಕೈ ಹಾಕಿದ್ದ ಅಂತ ರೈಲಿ ಆಮೇಲೆ ನೆನೆಸಿಕೊಂಡಿದ್ದಾರೆ. ಕಾಪಾ ಅಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. ಹೆದರಿಕೆಯಿಂದ ಮೈ ನಡುಗಿ, ಹಿಂದಕ್ಕೆ ಹೊರಟ ದೋಣಿ ಹತ್ತಿದ. ಇದನ್ನು ಅವನೇ ಮುಚ್ಚಿಡದೆ ಹೇಳಿಕೊಂಡ. ಅವನ ಮೇಲೆ ನನ್ನ ಗೌರವ ಇದರಿಂದ ಹೆಚ್ಚೇ ಆಗಿದೆ.

ಇನ್ನು ಡಾರ್ಕ್ ರೂಮಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಪ್ರಚಲಿತ ಕಥೆ ಹೀಗಿದೆ. ಫಿಲ್ಮ್‌ಗಳು ಜೂನ್ 7ರ ರಾತ್ರಿ ಲಂಡನ್‌ನ ಲೈಫ್ ಪತ್ರಿಕೆಯ ಆಫೀಸು ತಲುಪಿದವು. ಮರುದಿನ ಬೆಳಗ್ಗೆ ನ್ಯೂಯಾರ್ಕ್‌ಗೆ ಹೋಗಲೇಬೇಕು. ಬೇಗ, ಬೇಗ ಅಂತ ಒತ್ತಡ. ಲ್ಯಾಬಿನ ಹುಡುಗ ಒಣಗಿಸುವ ಪೆಟ್ಟಿಗೆಯ ಬಾಗಿಲು ಹಾಕಿ ಬಿಸಿ ಜಾಸ್ತಿ ಮಾಡಿಬಿಟ್ಟ. ಫಿಲ್ಮಿನ ಮೇಲಿನ ಪದರ ಕರಗಿ ಇಳಿಯಿತು. 106 ಫೋಟೋಗಳಲ್ಲಿ ಹನ್ನೊಂದು ಮಾತ್ರ ಉಳಿದವು. ಜೂನ್ 19ರ ಸಂಚಿಕೆಯಲ್ಲಿ ಅವು ಬಂದವು. ಎಪ್ಪತ್ತು ವರ್ಷ ಎಲ್ಲರೂ ಇದನ್ನೇ ಹೇಳಿದರು.

ನನಗೆ ಯಾವತ್ತೂ ಇದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಬಿಸಿ ಏನು ಮಾಡುತ್ತದೆ ಅಂತ ನನಗೆ ಗೊತ್ತು. ನಮ್ಮ ಬೇಸಿಗೆಯಲ್ಲಿ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣದ ಟ್ರೇ ಕೆಳಗೆ ಐಸ್ ಇಡುತ್ತಿದ್ದೆವು. ಹೈಪೋಗೆ ಪಟಿಕ ಸೇರಿಸುತ್ತಿದ್ದೆವು. ಪಟಿಕ ಸೇರಿದರೆ ಫಿಲ್ಮಿನ ಪದರ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದದ್ದು ಒಂದು ಪೆಟ್ಟಿಗೆಯ ಬಿಸಿಗೆ ಮೇಣದ ಹಾಗೆ ಇಳಿದು ಹೋಗುವುದು ಕಷ್ಟ. ಅದೂ ಮೂರು ರೋಲು ಪೂರ್ತಿ ಅಳಿಸಿಹೋಗಿ, ನಾಲ್ಕನೆಯದರಲ್ಲಿ ಸಾಲಾಗಿ ಹನ್ನೊಂದು ಉಳಿಯುವುದು? 2014ರಿಂದ ಎ. ಡಿ. ಕೋಲ್ಮನ್ ಅನ್ನೋ ವಿಮರ್ಶಕರು ಮತ್ತು ಅವರ ಜೊತೆಯವರು ಇದನ್ನೆಲ್ಲ ಕೆದಕಿದರು. ಹಳೇ ಕಥೆ ನಂಬಿದವರು, ಬಿಸಿಗೆ ಚಿತ್ರ ಜಾರಿದೆ ಅನ್ನೋದಕ್ಕೆ ಸಾಕ್ಷಿಯಾಗಿ, ಅದು ಫಿಲ್ಮಿನ ಅಂಚಿನ ತೂತುಗಳ ಮೇಲೆ ಬಿದ್ದಿರುವುದನ್ನು ತೋರಿಸುತ್ತಿದ್ದರು. ಕಾಂಟ್ಯಾಕ್ಸ್ ಕ್ಯಾಮೆರಾದಲ್ಲಿ ಕೊಡಾಕ್ ರೋಲು ಸರಿಯಾಗಿ ಕೂರದಿದ್ದರೂ ಹಾಗೇ ಆಗುತ್ತದೆ ಅಂತ ಇವರು ತೋರಿಸಿದರು. ಬಹುಶಃ ಅವನು ತೆಗೆದದ್ದೇ ಅಷ್ಟು. ಆಗ ಲಂಡನ್ ಆಫೀಸಿನಲ್ಲಿ ಚಿತ್ರ ಸಂಪಾದಕರಾಗಿದ್ದ ಜಾನ್ ಮೋರಿಸ್ ಕೂಡ ಮುದಿ ವಯಸ್ಸಿನಲ್ಲಿ, ಆ ಮೂರು ರೋಲುಗಳಲ್ಲಿ ಏನೂ ಇಲ್ಲದೆಯೂ ಇರಬಹುದು ಅಂತ ಒಪ್ಪಿದರು.

ಹನ್ನೊಂದೇ ತೆಗೆದಿದ್ದರೂ ಕಾಪಾ ಸಣ್ಣವನಾಗುವುದಿಲ್ಲ. ಆ ಬಯಲಿನಲ್ಲಿ ನಿಂತ ಯಾರಿಗೂ ಅದು ಅರ್ಥವಾಗುತ್ತದೆ. ಒಂದು ಫ್ರೇಮು ತೆಗೆದಿದ್ದರೂ ಸಾಕಿತ್ತು. ನನಗೆ ನೋವಾಗುವುದು ಆ ಲ್ಯಾಬ್ ಹುಡುಗನ ಬಗ್ಗೆ. ಲೋಕದ ಅತಿ ದೊಡ್ಡ ಫೋಟೋಗಳನ್ನು ಹಾಳು ಮಾಡಿದವನು ಅಂತ ಅವನನ್ನು ಎಪ್ಪತ್ತು ವರ್ಷ ಹೇಳಿದರು. ಬಹುಶಃ ಅವನು ಮಾಡದೇ ಇದ್ದ ತಪ್ಪಿಗೆ!

1987ರ ಏಪ್ರಿಲ್‌ನಲ್ಲಿ ನಾನು ಒಂದು ರೋಲು ನಿಜವಾಗಿಯೂ ಹಾಳು ಮಾಡಿದ್ದೆ. ನಮ್ಮ ಫೋಟೋಗ್ರಾಫರ್ ಒಬ್ಬರು ನಾಲ್ಕು ದಿನ ಬರದ ಊರುಗಳನ್ನು ಸುತ್ತಿ ತಂದ ರೋಲು. ಕರೆಂಟ್ ಹೋಗಿತ್ತು. ಡೆವಲಪರ್ ಬಿಸಿ ಏರಿತ್ತು. ಅದರಿಂದ ತೆಗೆದು ಐಸ್ ನೀರಿಗೆ ಹಾಕಿಬಿಟ್ಟೆ. ಫಿಲ್ಮಿನ ಮೈ ತುಂಬ ಬತ್ತಿದ ಕೆರೆಯ ತಳದ ಹಾಗೆ ಬಿರುಕು. ಅವರು ಬೈಯಲಿಲ್ಲ. ಬೆಳಕಿಗೆ ಹಿಡಿದು ನೋಡಿದರು. "ಆ ಅಜ್ಜಿ ಹೋದಳಲ್ಲಪ್ಪ" ಅಂದರು, ಅಷ್ಟೇ. ಯಾವ ಊರಿನ ಯಾವ ಅಜ್ಜಿಯೋ, ನಾನು ಕೇಳಲಿಲ್ಲ. ಅವರೂ ಈಗಿಲ್ಲ. ಸಮುದ್ರದ ಅಂಚಿನಲ್ಲಿ ಇದನ್ನು ಮಗಳಿಗೆ ಹೇಳುವಾಗ ಗಂಟಲು ಕಟ್ಟಿತು.

ನೀರು ಏರುತ್ತಾ ಬಂತು. ಅದರ ಮುಂದೆ ಮುಂದೆ ನಡೆದುಕೊಂಡು ದಡ ಸೇರಿದೆವು.

ಐದನೇ ದಿನ: ಬಾಯೋ

ಬಾಯೋದಲ್ಲಿ ಪತ್ರಕರ್ತರಿಗೆ ಅಂತಲೇ ಒಂದು ತೋಟ ಇದೆ. ಮರಗಳ ನಡುವೆ ಬಿಳಿ ಕಲ್ಲುಗಳ ಸಾಲು. ಒಂದೊಂದು ಕಲ್ಲಿನಲ್ಲೂ ವರ್ಷ, ಅದರ ಕೆಳಗೆ ಆ ವರ್ಷ ಕೆಲಸ ಮಾಡುತ್ತಾ ಸತ್ತ ವರದಿಗಾರರ, ಫೋಟೋಗ್ರಾಫರ್‌ಗಳ ಹೆಸರು. 1944ರಿಂದ ಶುರು. ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಈ ಊರು 1994ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಯುದ್ಧ ವರದಿಗಾರರಿಗೆ ಬಹುಮಾನವನ್ನೂ ಕೊಡುತ್ತದೆ.

ಶುರುವಿನ ಕಲ್ಲುಗಳಲ್ಲಿ ಹೆಸರು ಕಡಿಮೆ. ಮುಂದೆ ಮುಂದೆ ಹೋದ ಹಾಗೆ ಪಟ್ಟಿ ಉದ್ದವಾಗುತ್ತದೆ. ಹೊಸ ಕಲ್ಲುಗಳ ಹತ್ತಿರ ನನಗೆ ದಾನಿಶ್ ಸಿದ್ದಿಕಿ ನೆನಪಾದರು. ದೆಹಲಿಯ ಹುಡುಗ. ರೋಹಿಂಗ್ಯಾ ಜನ ದಡಕ್ಕೆ ಬಂದು ಬಿದ್ದ ಫೋಟೋಗಳಿಗೆ ಅವರ ತಂಡಕ್ಕೆ ಪುಲಿಟ್ಜರ್ ಬಂತು. ಕೋವಿಡ್ ಎರಡನೇ ಅಲೆಯಲ್ಲಿ ಉರಿಯುತ್ತಿದ್ದ ಚಿತೆಗಳನ್ನು ಮೇಲಿನಿಂದ ತೋರಿಸಿದವರು ಅವರೇ. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಕೊಲೆಯಾದರು. ಕಾಪಾ ಸತ್ತದ್ದು ನಲವತ್ತಕ್ಕೆ, ಇವರು ಅಷ್ಟೂ ಮುಟ್ಟಲಿಲ್ಲ.

ಮಧ್ಯಾಹ್ನದ ರೈಲಿಗೆ ಪ್ಯಾರಿಸ್‌ಗೆ ವಾಪಸ್.

ಆರನೇ ದಿನ: ರೈಲಿನಲ್ಲಿ

ಪ್ಯಾರಿಸ್‌ನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಲೈಪ್‌ಜಿಗ್. ಇಡೀ ದಿನ ಕಿಟಕಿ ಪಕ್ಕ. ಮಗಳು ಚಪಾತಿ ಮಾಡಿಕೊಂಡು ತಂದಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟು ಹೊತ್ತು.

ಮಾತಿನ ಮಧ್ಯೆ ಅವಳು ಕೇಳಿದಳು, "ಅವನು ಆಮೇಲೆ ಯುದ್ಧ ಬಿಟ್ಟುಬಿಡಬಹುದಿತ್ತಲ್ವಾ?" ಬಿಡಲು ನೋಡಿದ. 1947ರಲ್ಲಿ ಗೆಳೆಯರಾದ ಕಾರ್ತಿಯೆ ಬ್ರೆಸೋ, ಸೈಮೋರ್, ಜಾರ್ಜ್ ರಾಜರ್ ಮೊದಲಾದವರ ಜೊತೆ ಮ್ಯಾಗ್ನಮ್ ಕಟ್ಟಿದ. ಫೋಟೋಗ್ರಾಫರ್‌ಗಳೇ ಮಾಲೀಕರಾದ ಏಜೆನ್ಸಿ. ಅಲ್ಲಿಯ ತನಕ ನೆಗೆಟಿವ್ ಪತ್ರಿಕೆಯದಾಗುತ್ತಿತ್ತು. ಇನ್ನು ಮೇಲೆ ಅದು ತೆಗೆದವನದ್ದು ಅಂದರು. ನನ್ನ ಪ್ರಕಾರ ಕಾಪಾನ ದೊಡ್ಡ ಕೆಲಸ ಇದೇ. ಕಾರ್ತಿಯೆ ಬ್ರೆಸೋ ಪಾಲಿಗೆ ಏಷ್ಯಾ ಬಂತು. ಹಾಗಾಗಿಯೇ 1948ರ ಜನವರಿ 30ರಂದು ಅವರು ದೆಹಲಿಯಲ್ಲಿದ್ದರು. ಗಾಂಧೀಜಿಯನ್ನು ಕಂಡು ಬಂದ ಸ್ವಲ್ಪ ಹೊತ್ತಿಗೆ ಗುಂಡಿನ ಸುದ್ದಿ ಬಂತು.

1954ರಲ್ಲಿ ಕಾಪಾ ಜಪಾನಿನಲ್ಲಿದ್ದ. ಫ್ರೆಂಚರು ಯುದ್ಧ ಮಾಡುತ್ತಿದ್ದ ಇಂಡೋಚೈನಾದಲ್ಲಿ, ಅಂದರೆ ಈಗಿನ ವಿಯೆಟ್ನಾಂ ಕಡೆ, ಒಬ್ಬ ಫೋಟೋಗ್ರಾಫರನ ಬದಲಿಗೆ ಒಂದು ತಿಂಗಳು ಹೋಗುತ್ತೀಯಾ ಅಂತ ಲೈಫ್ ಕೇಳಿತು. ಹೋದ. ಮೇ 25ರ ಮಧ್ಯಾಹ್ನ ತಾಯ್ ಬಿನ್ ಕಡೆಗೆ ಫ್ರೆಂಚ್ ಸೈನ್ಯ ಹೊರಟಿತ್ತು. ಗಾಡಿ ನಿಂತಾಗ ಇಳಿದು, ಸೈನಿಕರ ಜೊತೆ ಹುಲ್ಲುಗಾವಲಿಗೆ ನಡೆದ. ಬೆನ್ನು ಮಾಡಿ ಮುಂದಕ್ಕೆ ಹೋಗುತ್ತಿರುವ ಸೈನಿಕರ ಫೋಟೋ ತೆಗೆದ. ಒಂದು ಕ್ಯಾಮೆರಾದಲ್ಲಿ ಕಪ್ಪು ಬಿಳುಪು, ಇನ್ನೊಂದರಲ್ಲಿ ಕಲರ್. ಆಮೇಲೆ ನೆಲದಲ್ಲಿ ಹೂತಿಟ್ಟಿದ್ದ ಮೈನ್ ಮೇಲೆ ಕಾಲಿಟ್ಟ.

ಆ ಎರಡು ರೋಲುಗಳನ್ನೂ ಯಾರೋ ಕ್ಯಾಮೆರಾದಿಂದ ಬಿಚ್ಚಿರಬೇಕು. ಯಾರೋ ಕತ್ತಲಲ್ಲಿ ಕೂತು ತೊಳೆದಿರಬೇಕು. ತೆಗೆದವನು ಇಲ್ಲ ಅಂತ ಗೊತ್ತಿದ್ದೂ.

ಏಳನೇ ದಿನ: ಲೈಪ್‌ಜಿಗ್

ಟ್ರಾಮ್ ಇಳಿದರೆ ಎದುರಿಗೇ ಯಾನ್ ಆಲೆ ರಸ್ತೆಯ 61ನೇ ನಂಬರ್. ಮೂಲೆಯ ದೊಡ್ಡ ಹಳೇ ಕಟ್ಟಡ. ಬಿದ್ದು ಹೋಗುವ ಸ್ಥಿತಿಯಲ್ಲಿತ್ತು. ಊರಿನ ಜನ ಹೋರಾಟ ಮಾಡಿ ಕೆಡವದ ಹಾಗೆ ಉಳಿಸಿಕೊಂಡರು. ಈಗ ಇದಕ್ಕೆ ಕಾಪಾ ಹೌಸ್ ಅಂತಲೇ ಹೆಸರು. ಕೆಳಗೆ ಒಂದು ಕೆಫೆ, ಒಂದು ಸಣ್ಣ ಪ್ರದರ್ಶನ.

1945ರ ಏಪ್ರಿಲ್ 18. ಯುರೋಪಿನಲ್ಲಿ ಯುದ್ಧ ಮುಗಿಯಲು ಇನ್ನು ಮೂರೇ ವಾರ. ಅಮೆರಿಕನ್ ಸೈನ್ಯ ಸೇತುವೆ ದಾಟಬೇಕಿತ್ತು. ಅವರಿಗೆ ರಕ್ಷಣೆ ಕೊಡಲು ಇಬ್ಬರು ಹುಡುಗರು ಈ ಕಟ್ಟಡದ ಮೇಲಿನ ಮನೆಯ ಬಾಲ್ಕನಿಯಲ್ಲಿ ಮೆಷಿನ್ ಗನ್ ಇಟ್ಟರು. ಒಬ್ಬ ಲೇಮನ್ ರಿಗ್ಸ್, ಇನ್ನೊಬ್ಬ ರೇಮಂಡ್ ಬೋಮನ್. ಕಾಪಾ ಹಿಂದಿನ ಕೋಣೆಯಲ್ಲಿದ್ದ. ಬೋಮನ್ ಗನ್‌ಗೆ ಗುಂಡು ತುಂಬುತ್ತಿದ್ದಾನೆ, ಒಂದು ಫ್ರೇಮು. ಮುಂದಿನದರಲ್ಲಿ ಅವನು ಬಾಗಿಲ ಹೊಸ್ತಿಲಿಗೆ ಬಿದ್ದಿದ್ದಾನೆ. ಅದರ ಮುಂದಿನವುಗಳಲ್ಲಿ ರಕ್ತ ನೆಲದ ಮೇಲೆ ಹರಿಯುತ್ತಾ ಕ್ಯಾಮೆರಾದ ಕಡೆಗೆ ಬರುತ್ತದೆ. ವಯಸ್ಸು ಇಪ್ಪತ್ತೊಂದು.

ಫೋಟೋಗಳನ್ನು ಸಾಲಾಗಿ ನೋಡಿದೆ. ಇಲ್ಲಿ ಹಿಂದಿನ ಫ್ರೇಮು, ಮುಂದಿನ ಫ್ರೇಮು ಎಲ್ಲ ಇದೆ. ಸುಮ್ನೆ ನೋಡುತ್ತಾ ನಿಂತೆ.

ಮೇ 14ರ ಲೈಫ್ ಸಂಚಿಕೆಯಲ್ಲಿ ಇವು ಅಚ್ಚಾದವು. ಅಷ್ಟು ಹೊತ್ತಿಗೆ ಯುದ್ಧ ಮುಗಿದಿತ್ತು. ಹುಡುಗನ ಹೆಸರು ಹಾಕಿರಲಿಲ್ಲ, ಮುಖ ಕಾಣದ ಹಾಗೆ ಮಾಡಿದ್ದರು. ಆದರೂ ಅವನ ಮನೆಯವರು ಕಾಲರ್ ಮೇಲಿನ ಪಿನ್ ನೋಡಿ ಗುರುತು ಹಿಡಿದರಂತೆ. ಇವತ್ತು ಈ ಕಟ್ಟಡದ ಪಕ್ಕದ ರಸ್ತೆಗೆ ಬೋಮನ್ ಹೆಸರಿದೆ. ರಿಗ್ಸ್ ತುಂಬ ವರ್ಷ ಬದುಕಿದರು. 2016ರಲ್ಲಿ ಪ್ರದರ್ಶನ ಶುರುವಾದಾಗ ಅಷ್ಟು ವಯಸ್ಸಿನಲ್ಲೂ ಅಮೆರಿಕದಿಂದ ಬಂದಿದ್ದರು.

ಸಂಜೆ ಮಗಳು ಇನ್ನೊಂದು ರಸ್ತೆಗೆ ಕರೆದುಕೊಂಡು ಹೋದಳು. ಟಾರೋ ಸ್ಟ್ರಾಸೆ. ಗೆರ್ಡಾಳ ಹೆಸರಿನದು. ಆಕೆ ಇದೇ ಊರಿನ ಹುಡುಗಿ. 1929ರಲ್ಲಿ ಮನೆಯವರು ಇಲ್ಲಿಗೆ ಬಂದಿದ್ದರು. 1933ರಲ್ಲಿ ನಾಜಿಗಳ ವಿರುದ್ಧ ಕರಪತ್ರ ಹಂಚಿದ್ದಕ್ಕೆ ಆಕೆಯನ್ನು ಜೈಲಿಗೆ ಹಾಕಿದ್ದೂ ಇಲ್ಲೇ. ಕುಟುಂಬದವರು ಯಹೂದಿಗಳ ಹತ್ಯಾಕಾಂಡದಲ್ಲಿ ಇಲ್ಲವಾದರು. ಕಾಪಾ ಈ ಊರಿಗೆ ಬಂದಾಗ ಆಕೆ ಸತ್ತು ಎಂಟು ವರ್ಷ ಹತ್ತಿರವಾಗಿತ್ತು. ಆಕೆ ಓಡಾಡಿದ ಊರು ಇದು ಅಂತ ಅವನಿಗೆ ಅವತ್ತು ನೆನಪಾಗಿರುತ್ತದೆ ಅಲ್ವಾ? ನನಗೆ ಹಾಗೇ ಅನ್ನಿಸಿತು. ರಸ್ತೆಯ ಬೋರ್ಡಿನ ಕೆಳಗೆ ಮಗಳನ್ನು ನಿಲ್ಲಿಸಿ ಕೊನೆಯ ಫ್ರೇಮು ತೆಗೆದೆ.

ರಾತ್ರಿ ಅವಳ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿದೆವು. ಟ್ಯಾಂಕು, ಡೆವಲಪರ್, ಹೈಪೋ ಎಲ್ಲ ಅವಳು ಮೊದಲೇ ತರಿಸಿಟ್ಟಿದ್ದಳು. ಕತ್ತಲಲ್ಲಿ ರೋಲನ್ನು ರೀಲಿಗೆ ಸುತ್ತಿದೆ. ಇಷ್ಟು ವರ್ಷ ಆದರೂ ಬೆರಳು ಮರೆತಿರಲಿಲ್ಲ. ಥರ್ಮಾಮೀಟರ್ ಹಿಡಿದು ಅವಳು ಡಿಗ್ರಿ ಓದಿದಳು, ನಾನು ಟ್ಯಾಂಕು ಅಲ್ಲಾಡಿಸಿದೆ. ನಲ್ಲಿಯ ಕೆಳಗೆ ಅರ್ಧ ಗಂಟೆ ತೊಳೆದೆವು. ಆಮೇಲೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಒಂದು ಕ್ಲಿಪ್ಪು, ಕೆಳತುದಿಗೆ ಭಾರಕ್ಕೆ ಇನ್ನೊಂದು.

"ಅಪ್ಪ, ಹೇರ್ ಡ್ರೈಯರ್ ತರಲಾ? ಬೇಗ ಒಣಗುತ್ತೆ."

"ಬೇಡ ಪುಟ್ಟಿ. ತಾನಾಗೇ ಒಣಗಲಿ."

ದೀಪ ಆರಿಸಿ, ಗಾಳಿಗೆ ಧೂಳು ಬರದ ಹಾಗೆ ಬಾಗಿಲು ಮುಂದೆ ಮಾಡಿ ಬಂದೆವು.